ಮಾತೆಯ ಸೀರೆ ಒಗೆಯುವ ಅಂಕಮ್ಮ

ಬೆಂಗಳೂರಿನ ಗಾಡಿ ಜಂಕ್ಷನ್ನಿನಲ್ಲಿ ನೀರು ತುಂಬಿಸಿಕೊಂಡು ಕೂಗು ಹಾಕುವ ಹೊತ್ತಿಗೆ ಅಂಕಮ್ಮ ಅರಸೀಕೆರೆಯ ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಇಪ್ಪತ್ತು ಬಟ್ಟೆ ಮುಗಿಸಿದ್ದಾರೆ. ಪೂರ್ವದಲ್ಲಿ ಈಗಷ್ಟೇ ಕೆಂಪು ಮೂಡುತ್ತಿದೆ. ಫೆಬ್ರವರಿಯ ಚಳಿ ನೀರಿನೊಳಗಿಂದ ಕಾಲು ಹಿಡಿದು ಸೊಂಟಕ್ಕೆ ಏರುತ್ತದೆ. ಎತ್ತಿದ ಪಂಚೆ ತಲೆಯ ಮೇಲಿಂದ ಸುತ್ತಿ ಬಂದು ಕಲ್ಲಿಗೆ ಬೀಳುವಾಗ ಅವರ ಬಾಯಿಂದ 'ಹುಸ್' ಎಂದು ಉಸಿರು ಹೊರಡುತ್ತದೆ. ಪ್ರತಿ ಏಟಿಗೂ ಒಂದು ಉಸಿರು. ಅದು ತಾಳ ತಪ್ಪಿದರೆ ಬೆನ್ನು ಹಿಡಿದುಕೊಳ್ಳುತ್ತದಂತೆ.

"ಕೈ ಒಗೆಯಾಕಿಲ್ಲ ಕಣ್ರೀ, ಉಸಿರು ಒಗೀತದೆ" ಎನ್ನುತ್ತಾರೆ ಅವರು, ಪಂಚೆ ಹಿಂಡುತ್ತ.

ವಯಸ್ಸು ನಲವತ್ತೆಂಟೋ ಐವತ್ತೋ, ಲೆಕ್ಕ ಇಟ್ಟವರಿಲ್ಲ. ಅಂಗೈಯ ಗೆರೆಗಳನ್ನು ಬಟ್ಟೆಯ ಕೊಳೆ ತೆಗೆಯುವ ಸೌಳುಮಣ್ಣು ಎಂದೋ ಅಳಿಸಿಹಾಕಿದೆ. ಕೈ ನೋಡಿ ಭವಿಷ್ಯ ಹೇಳುವವನು ಬಂದರೆ ಬರಿಗೈಯಲ್ಲಿ ಹೋಗಬೇಕು. ಊರು ಅವರನ್ನು ಮಕ್ಕಳಿಂದ ಮುದುಕರವರೆಗೆ ಏಕವಚನದಲ್ಲೇ ಕರೆಯುತ್ತದೆ. ಈ ಬರಹ ಹಾಗೆ ಕರೆಯುವುದಿಲ್ಲ.

ದಿನಕ್ಕೆ ತೊಂಬತ್ತರಿಂದ ನೂರು ಬಟ್ಟೆ, ಮೂವತ್ತೊಂದು ಮನೆ. ಅದರಲ್ಲಿ ಹದಿನಾಲ್ಕು ರೈಲ್ವೆ ನೌಕರರ ಲೈನಿನವು, ಉಳಿದವು ಕೊಬ್ಬರಿ ಮಂಡಿಯವರದು ಮತ್ತು ಕೋಟೆ ಬೀದಿಯವರದು. ರೈಲ್ವೆಯವರ ಬಟ್ಟೆಯಲ್ಲಿ ಕಲ್ಲಿದ್ದಲ ಮಸಿ, ಮಂಡಿಯವರ ಬಟ್ಟೆಯಲ್ಲಿ ಕೊಬ್ಬರಿಯ ಜಿಡ್ಡು. ಮಸಿ ಮತ್ತು ಜಿಡ್ಡು ಒಂದೇ ಗಂಟಿಗೆ ಬಂದರೆ ಎರಡೂ ಕೈಕೈ ಹಿಡಿದುಕೊಂಡು ಕೂರುತ್ತವೆ, ಜಪ್ಪಯ್ಯ ಎಂದರೂ ಏಳುವುದಿಲ್ಲ. ಆದ್ದರಿಂದ ಸಂಜೆಯೇ ಎರಡನ್ನೂ ಬೇರೆ ಮಾಡಿ, ಸೌಳುಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಬೇಕು. ಕೆಳಗೆ ಕುದಿಯುವ ಹಂಡೆ, ಮೇಲೆ ಬಟ್ಟೆಯ ರಾಶಿ. ಹಬೆಯಲ್ಲಿ ಬೆಂದ ಬಟ್ಟೆಯನ್ನು ಬೆಳಗಿನ ಜಾವ ಎರಡು ಕತ್ತೆಗಳ ಮೇಲೆ ಹೇರಿಕೊಂಡು ಕೆರೆಗೆ ಬರುವುದು. ಒಣಗಿದ ಮೇಲೆ ಗಂಜಿ, ನೀಲಿ, ಆಮೇಲೆ ಇಸ್ತ್ರಿ. ಇಸ್ತ್ರಿಯ ಕೆಲಸ ಗಂಡ ಹನುಮಯ್ಯನವರದು. ತೆಂಗಿನ ಸೀಮೆಯಲ್ಲಿ ಕರಟಕ್ಕೆ ಬರವೇ? ಇಸ್ತ್ರಿಪೆಟ್ಟಿಗೆಗೆ ಕರಟದ ಕೆಂಡವೇ ಆಗಬೇಕು, ಸೌದೆಯ ಕೆಂಡ ಬೂದಿ ಉದುರಿಸುತ್ತದೆ ಎಂಬುದು ಹನುಮಯ್ಯನವರ ಸಿದ್ಧಾಂತ.

ಇವತ್ತು ಅಂಕಮ್ಮನಿಗೆ ಅವಸರ. ಎಂಟು ಗಂಟೆಗೆ ಕೆರೆ ಬಿಟ್ಟು ಹೊರಡಬೇಕು. ರೈಲ್ವೆ ಲೈನಿನ ಆಚೆಗೆ, ಹೊಂಗೆಮರಗಳ ಹಿಂದೆ ಇರುವ ಕ್ರೈಸ್ತರ ಪುಟ್ಟ ಗುಡಿಯಲ್ಲಿ ಇಂದು ಮೇಣದಬತ್ತಿಯ ಹಬ್ಬ. ಕಾಯಿಲೆಯಿಂದ ಐದು ತಿಂಗಳು ಬೆಂಗಳೂರಿನಲ್ಲಿದ್ದ ಪಾದ್ರಿಗಳು ನಿನ್ನೆ ಸಂಜೆಯ ಗಾಡಿಗೆ ಬಂದಿಳಿದಿದ್ದಾರೆ. ಗುಡಿಯಲ್ಲಿರುವ ಮರಿಯ ಮಾತೆಯ ಸೀರೆಯನ್ನು ಇನ್ನು ಮುಂದೆ ಅಂಕಮ್ಮ ಒಗೆಯಬಹುದೋ ಬಾರದೋ ಎಂಬುದನ್ನು ಅವರು ಇವತ್ತು ಹೇಳಬೇಕು.

ವರ್ಷಕ್ಕೆ ನಾಲ್ಕು ಸಲ ಒಗೆಯುವ ಎರಡೂವರೆ ಗಜದ ಒಂದು ತುಂಡು ಸೀರೆ. ಅದಕ್ಕೆ ಕೂಲಿ ಇಲ್ಲ, ರಾಗಿ ಇಲ್ಲ. ಅದು ಹೋದರೆ ಮನೆಯ ಒಲೆ ಆರುವುದಿಲ್ಲ. ಆದರೂ ಅಂಕಮ್ಮ ಐದು ತಿಂಗಳಿಂದ ಸರಿಯಾಗಿ ಉಂಡಿಲ್ಲ ಎಂದು ಹನುಮಯ್ಯ ಹೇಳುತ್ತಾರೆ.

ಅಂಕಮ್ಮನ ತವರು ಹಳೇಬೀಡಿನ ಪಕ್ಕದ ಹುಲಿಕೆರೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಳೆಯ ಕಲ್ಲಿನ ಕೊಳವಿದೆ. ಅದರಲ್ಲಿ ಬಟ್ಟೆ ಒಗೆಯಲು ಅವರ ಮನೆಯವರಿಗೆ ಅಪ್ಪಣೆ ಇರಲಿಲ್ಲ. ಅಪ್ಪ ಊರಾಚೆಯ ಕಟ್ಟೆಯಲ್ಲಿ ಒಗೆಯುತ್ತಿದ್ದರು. ಹುಡುಗಿಯಾಗಿದ್ದಾಗ ಹಳೇಬೀಡಿನ ಗುಡಿಯ ಗೋಡೆಯ ಕಲ್ಲಿನ ಹೆಂಗಸರನ್ನು ನೋಡಿ, ಇವರ ಮೈಮೇಲೆ ಇಷ್ಟು ಒಡವೆ ಇದ್ದರೂ ಒಗೆಯುವಷ್ಟು ಬಟ್ಟೆ ಇಲ್ಲವಲ್ಲ, ಇವರ ಊರಿನ ಮಡಿವಾಳರು ಹೊಟ್ಟೆಗೆ ಏನು ತಿನ್ನುತ್ತಿದ್ದರೋ ಎಂದು ಯೋಚಿಸಿದ್ದುಂಟಂತೆ. ಹದಿಮೂರಕ್ಕೆ ಮದುವೆಯಾಗಿ ಅರಸೀಕೆರೆಗೆ ಬಂದರು. ಅಂದಿನಿಂದ ಈ ಕಲ್ಲು, ಈ ನೀರು.

ಮಡಿವಾಳರ ಗಂಟಿನಲ್ಲಿ ಊರಿನ ಗುಟ್ಟೆಲ್ಲ ಇರುತ್ತದೆ ಎನ್ನುವುದು ಸುಮ್ಮನೆ ಆಡಿದ ಮಾತಲ್ಲ. "ಯಾವ ಮನೇಲಿ ಯಾರಿಗೆ ತಿಂಗಳು ನಿಂತೈತೆ ಅಂತ ಅತ್ತೆಗಿಂತ ಮುಂಚೆ ನಂಗೆ ಗೊತ್ತಾಯ್ತದೆ. ಬಾಯಿ ಬಿಡಾಕಿಲ್ಲ. ಬಾಯಿ ಬಿಟ್ಟ ದಿನ ಗಂಟು ಹೋಯ್ತದೆ" ಎನ್ನುತ್ತಾರೆ. ಹೆರಿಗೆಯಾದ ಮನೆಯ ಪುರುಡಿನ ಬಟ್ಟೆಯೂ ಅವರ ಪಾಲಿಗೇ. ಅದಕ್ಕೆ ಕೆರೆಯ ತೂಬಿನಾಚೆ ಬೇರೆಯೇ ಕಲ್ಲು. ಊರಿನ ಅರ್ಧ ಮಕ್ಕಳ ಮೊದಲ ಬಟ್ಟೆ ಆ ಕಲ್ಲಿನ ಮೇಲೆ ಬಿದ್ದಿದೆ, ಆದರೆ ನಾಮಕರಣದ ಊಟಕ್ಕೆ ಅಂಕಮ್ಮನ ಎಲೆ ಜಗಲಿಯ ಕೆಳಗೆ.

ಕ್ರೈಸ್ತರ ಗುಡಿಯ ಕೆಲಸ ಅವರಿಗೆ ಸಿಕ್ಕಿದ್ದು ಹನ್ನೊಂದು ವರ್ಷದ ಹಿಂದೆ. ಲೈನಿನಲ್ಲಿ ಮೂವತ್ತೈದು ಕ್ರೈಸ್ತ ಮನೆಗಳಿವೆ. ಪಾಯಿಂಟ್ಸ್‌ಮನ್‌ಗಳು, ಫೈರ್‌ಮನ್‌ಗಳು, ಗ್ಯಾಂಗಿನವರು, ಒಬ್ಬರು ಮೇಷ್ಟರು. ಗುಡಿಯೊಳಗೆ ಮೂರಡಿ ಎತ್ತರದ ಮಾತೆಯ ಪ್ರತಿಮೆ ಇದೆ. ಪರದೇಶದಿಂದ ಹಡಗಿನಲ್ಲಿ ಬಂದದ್ದು. ಎಡಗೈಯಲ್ಲಿ ಮಗು, ಮೈತುಂಬ ನೀಲಿ ಬಣ್ಣದ ನಿಲುವಂಗಿ, ಬಿಳಿಚಿಕೊಂಡ ಮುಖ. ಹಬ್ಬದ ದಿನವೂ ತಾಯಿಗೊಂದು ಸೀರೆ ಇಲ್ಲದಿದ್ದರೆ ಹೇಗೆ ಎಂದು ಗಾರ್ಡ್ ಒಬ್ಬರ ಹೆಂಡತಿ ನೀಲಿ ಬಣ್ಣದ ಮೆತ್ತನೆಯ ನೂಲಿನ ತುಂಡೊಂದನ್ನು ತಂದು ಉಡಿಸಿದರು. ಅಂದಿನಿಂದ ವರ್ಷದ ನಾಲ್ಕು ಹಬ್ಬಕ್ಕೆ ಮಾತೆಗೆ ಸೀರೆ. ಒಗೆಯಲು ಅಂಕಮ್ಮ.

ಮೊದಲ ಸಲ ಆ ಸೀರೆ ಕೈಗೆ ಬಂದಾಗ ಮೂಸಿ ನೋಡಿದರಂತೆ. ಬಟ್ಟೆ ಮೂಸುವುದು ಮಡಿವಾಳರ ಅಭ್ಯಾಸ; ಯಾವ ಬಟ್ಟೆಗೆ ಎಷ್ಟು ಹೊತ್ತು ಉಬ್ಬೆ ಎಂಬುದನ್ನು ಮೂಗು ಹೇಳುತ್ತದೆ. ಆ ಸೀರೆಯಲ್ಲಿ ಬೆವರಿರಲಿಲ್ಲ, ಮಸಿ ಇರಲಿಲ್ಲ, ಜಿಡ್ಡು ಇರಲಿಲ್ಲ. ಮೇಣದ ವಾಸನೆ ಮಾತ್ರ. ದಿನಕ್ಕೆ ನೂರು ಜನರ ಮೈಯ ಕೊಳೆ ತೊಳೆಯುವ ಹೆಂಗಸಿನ ಕೈಗೆ ಕೊಳೆಯೇ ಇಲ್ಲದ ಬಟ್ಟೆ ಬಂದದ್ದು ಅದೇ ಮೊದಲು. ಅವತ್ತು ಅದನ್ನು ಕಲ್ಲಿಗೆ ಬಡಿಯಲು ಕೈ ಬರಲಿಲ್ಲ. ನೀರಿನಲ್ಲಿ ಆಡಿಸಿ, ಮಗುವನ್ನು ಎತ್ತಿದ ಹಾಗೆ ಎತ್ತಿದೆ ಎನ್ನುತ್ತಾರೆ.

ಗುಡಿಯ ವ್ಯವಹಾರ ನೋಡಿಕೊಳ್ಳುವವರು ಉಪದೇಶಿ ಚಿನ್ನಪ್ಪನವರು. ಪಾದ್ರಿಗಳು ತಿಂಗಳಿಗೆರಡು ಸಲ ಬಂದುಹೋಗುವವರಾದ್ದರಿಂದ ಜಪ ಹೇಳಿಕೊಡುವುದು, ಗಂಟೆ ಹೊಡೆಸುವುದು, ಬೀಗದ ಕೈ ಎಲ್ಲವೂ ಇವರದೇ. ಒಳ್ಳೆಯವರು, ಆದರೆ ಒಂದು ಕೂದಲು ಆಚೀಚೆಯಾದರೆ ಸಹಿಸದವರು. ಮೊದಲ ಸಲವೇ ಅಂಕಮ್ಮ ಅವರನ್ನು ಸೀರೆಗೆ ಗುರುತು ಹಾಕಲೇ ಎಂದು ಕೇಳಿದ್ದರು. ಮೂವತ್ತಕ್ಕೂ ಹೆಚ್ಚು ಮನೆಯ ಬಟ್ಟೆ ಬೆರೆತಾಗ ಯಾರದು ಯಾವುದು ಎಂದು ತಿಳಿಯುವುದು ಕರಿಗೇರು ಬೀಜದ ಕಪ್ಪು ರಸದಿಂದ ಮೂಲೆಯಲ್ಲಿ ಹಾಕಿದ ಗುರುತಿನಿಂದಲೇ. ಒಂದು ಮನೆಗೆ ಎರಡು ಗೆರೆ, ಇನ್ನೊಂದಕ್ಕೆ ಮೂರು ಚುಕ್ಕೆ. ಆ ಕಪ್ಪು ಬಟ್ಟೆ ಹರಿದರೂ ಹೋಗುವುದಿಲ್ಲ. ಮಾತೆಯ ಸೀರೆಗೆ ಕಪ್ಪು ತಾಗಿಸುವುದೇ ಎಂದು ಚಿನ್ನಪ್ಪನವರು ಕೈ ಅಡ್ಡ ಮಾಡಿದರು. ಕನ್ಯಾಮಾತೆ ಎಂದರೆ ಕಲೆಯಿಲ್ಲದವಳು, ಅವಳ ಬಟ್ಟೆಗೂ ಕಲೆ ಕೂಡದು ಎಂದರು.

ಇಲ್ಲಿ ಮಡಿವಾಳರ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಗುರುತಿಲ್ಲದ ಬಟ್ಟೆ ಗಂಟಿನಲ್ಲಿದ್ದರೆ ಅದು ಅವರ ಸ್ವಂತದ್ದು. ಊರಿನಲ್ಲಿ ಹೆರಿಗೆಗೆ ಹಾಸಲು ಮೆತ್ತನೆಯ ಮಡಿಬಟ್ಟೆ ಬೇಕಾದಾಗ ಆ ಗುರುತಿಲ್ಲದ ಬಟ್ಟೆಯನ್ನೇ ಕೊಡುವುದು. ಕೆಲವು ಮಡಿವಾಳರು ಗಿರಾಕಿಗಳ ಬಟ್ಟೆಯನ್ನೇ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆಂಬ ಮಾತಿದೆ. ಅಂಕಮ್ಮನ ಮನೆಯಲ್ಲಿ ಅದು ನಡೆದಿಲ್ಲ. ಗುರುತು ಮುಟ್ಟಿ ನೋಡದೆ ಒಂದು ಚಿಂದಿಯನ್ನೂ ಹೊರಗೆ ಬಿಟ್ಟಿಲ್ಲ ಎಂಬುದು ಅವರ ಮನೆತನದ ಮರ್ಯಾದೆ.

ಆ ಮರ್ಯಾದೆಯೇ ಮೋಸ ಮಾಡಿತು.

ಕಳೆದ ಸೆಪ್ಟೆಂಬರಿನಲ್ಲಿ ಮಾತೆಯ ಹುಟ್ಟುಹಬ್ಬದ ಹಿಂದಿನ ದಿನ, ಮಧ್ಯಾಹ್ನ. ಅಂಕಮ್ಮ ಕೆರೆಯಲ್ಲಿದ್ದರು. ತೆಂಗಿನಕಾಯಿ ಗಾಡಿ ಹೊಡೆಯುವ ದೊಡ್ಡಬೀರಪ್ಪ ಏದುಸಿರು ಬಿಡುತ್ತ ಮನೆ ಬಾಗಿಲಿಗೆ ಬಂದರು. ಮಾದಿಹಳ್ಳಿಗೆ ಕೊಟ್ಟ ಮಗಳು ಕೆಂಪಲಕ್ಷ್ಮಮ್ಮ ಹೆರಿಗೆಗೆ ತವರಿಗೆ ಬಂದಿದ್ದಳು, ಬೆಳಗಿನಿಂದ ನೋವು ತಿನ್ನುತ್ತಿದ್ದಳು. ಹಿಂದಿನ ಎರಡು ಕೂಸುಗಳು ಉಸಿರೆತ್ತದೆ ಹೋಗಿದ್ದವು. ಸೂಲಗಿತ್ತಿ ಬಸಮ್ಮ ಮಡಿಬಟ್ಟೆ ತರಲು ಅಟ್ಟಿದ್ದರು. ಹನುಮಯ್ಯ ಇಸ್ತ್ರಿ ಮಾಡಿಟ್ಟ ರಾಶಿಗೆ ಕೈ ಹಾಕಿದರು. ಮೆತ್ತಗೆ ಸಿಕ್ಕ ತುಂಡೊಂದರ ನಾಲ್ಕು ಮೂಲೆಯನ್ನೂ ಎಂದಿನಂತೆ ಬೆರಳಿನಿಂದ ತಡವಿ ನೋಡಿದರು. ಗುರುತಿಲ್ಲ. ಹಾಗಾದರೆ ನಮ್ಮದೇ. ಕೊಟ್ಟುಬಿಟ್ಟರು. ಮಾತೆಯ ಸೀರೆಯನ್ನು ಒಗೆದು ಮಡಿಸುವುದೆಲ್ಲ ಹೆಂಡತಿಯ ಕೈಯಲ್ಲೇ ಆಗುತ್ತಿದ್ದುದರಿಂದ ಹನ್ನೊಂದು ವರ್ಷದಲ್ಲಿ ಅವರು ಅದನ್ನು ಕಣ್ಣಿಟ್ಟು ನೋಡಿರಲಿಲ್ಲ.

ಸಂಜೆ ಬಂದ ಅಂಕಮ್ಮ ರಾಶಿ ನೋಡಿದರು, ಗಂಡನ ಮುಖ ನೋಡಿದರು, ಓಡಿದರು. ದೊಡ್ಡಬೀರಪ್ಪನ ಮನೆ ಮುಟ್ಟುವಷ್ಟರಲ್ಲಿ ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ಹೆಣ್ಣುಮಗು. ಸೀರೆಯ ಅರ್ಧ ತಾಯಿಯ ಕೆಳಗಿತ್ತು, ಇನ್ನರ್ಧವನ್ನು ಬಸಮ್ಮ ಕೂಸಿಗೆ ಸುತ್ತಿದ್ದರು. ಮೂರನೆಯ ಸಲಕ್ಕೆ ಮಗುವಿನ ಅಳು ಕೇಳಿದ ಕೆಂಪಲಕ್ಷ್ಮಮ್ಮ ತಾನೂ ಅಳುತ್ತಿದ್ದಳು.

"ಕೊಡ್ರವ್ವ ಅಂತ ಕೇಳಾಕೆ ಬಾಯಿ ಬರ್ಲಿಲ್ಲ" ಎನ್ನುತ್ತಾರೆ ಅಂಕಮ್ಮ. "ಸುತ್ತಿದ ಬಟ್ಟೆ ಬಿಚ್ಚಿದ್ರೆ ಕೂಸಿಗೆ ಥಂಡಿ ಆಗಾಕಿಲ್ವಾ?"

ಮೂರನೆಯ ದಿನ ಸೀರೆ ಮರಳಿ ಬಂತು. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು, ತಾಗಿದರೆ ನೂಲಿನೊಳಗೆ ಮನೆ ಮಾಡುತ್ತದೆ. ತಣ್ಣೀರಿನಲ್ಲಿ ಏಳು ಸಲ ನೆನೆಸಿ, ಏಳು ಸಲ ತೆಗೆದರು. ಕೊನೆಗೆ ಒಳನೆರಿಗೆಯಲ್ಲಿ ಕಾಸಿನಗಲದ ಒಂದು ಮಬ್ಬು ಕಲೆ ಉಳಿಯಿತು. ಉಡಿಸಿದರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಆದರೆ ಅಂಕಮ್ಮ ಅಷ್ಟರಲ್ಲಿ ಬಾಯಿ ಬಿಟ್ಟಾಗಿತ್ತು. ಹಬ್ಬದ ಹಿಂದಿನ ಸಂಜೆಯೇ ಚಿನ್ನಪ್ಪನವರ ಮನೆಯ ಮುಂದೆ ನಿಂತು, ಸೀರೆ ಇಂಥ ಕಡೆ ಹೋಗಿದೆ, ಇಂಥದ್ದಕ್ಕೆ ಹೋಗಿದೆ ಎಂದು ಹೇಳಿದ್ದರು. ಗಂಡನ ಹೆಸರು ಎತ್ತಲಿಲ್ಲ. ಗುರುತು ಬೇಡವೆಂದವರು ನೀವೇ ಎಂದೂ ಅನ್ನಲಿಲ್ಲ. ಗಂಟು ನನ್ನದು, ತಪ್ಪೂ ನನ್ನದು ಎಂದು ಹೇಳಿ ಬಂದರು. ಸುಳ್ಳು ಹೇಳಿದ್ದರೆ ಇವತ್ತಿನ ಅವಸರವೇ ಇರುತ್ತಿರಲಿಲ್ಲ. ಕೊಳೆಯನ್ನು ಮುಚ್ಚಿಡುವುದು ಮಡಿವಾಳಗಿತ್ತಿಗೆ ಒಗ್ಗದ ಕೆಲಸ.

ಚಿನ್ನಪ್ಪನವರು ಸೀರೆಯನ್ನು ಕೈಯಲ್ಲಿ ಮುಟ್ಟಲಿಲ್ಲ. ಪೆಟ್ಟಿಗೆಯೊಂದರಲ್ಲಿ ಹಾಕಿಸಿ ಬೀಗ ಜಡಿದರು. ಅಂಕಮ್ಮ ಇನ್ನು ಗುಡಿಯ ಬಟ್ಟೆ ಮುಟ್ಟುವುದು ಬೇಡ, ಪಾದ್ರಿಗಳು ಬಂದ ಮೇಲೆ ನೋಡೋಣ ಎಂದರು. ಕ್ರಿಸ್ಮಸ್ಸಿಗೆ ಅವರ ಹೆಂಡತಿಯೇ ಹೊಸ ಸೀರೆಯೊಂದನ್ನು ಒಗೆದರು. ನೀಲಿ ಹೆಚ್ಚಾಗಿ ಮಾತೆ ಶಾಯಿ ಚೆಲ್ಲಿಕೊಂಡ ಹಾಗೆ ಕಾಣುತ್ತಿದ್ದಳೆಂದು ಗುಡಿಗೆ ಹೋದವರೇ ನಕ್ಕರು. ಆದರೆ ಊರಿನ ಬಾಯಿಗೆ ಬೀಗ ಎಲ್ಲಿ? ಅಂಕಮ್ಮನ ಗಂಟಿನಲ್ಲಿ ಬಟ್ಟೆ ಅದಲು ಬದಲಾಗುತ್ತದಂತೆ ಎಂಬ ಸುದ್ದಿ ಮಂಡಿ ಬೀದಿಗೆ ಮುಟ್ಟಿತು. ಮೂವತ್ಮೂರು ಮನೆಗಳಿದ್ದದ್ದು ಮೂವತ್ತೊಂದಾಯಿತು. ಅದಕ್ಕಿಂತ ಹೆಚ್ಚಾಗಿ ಅವರನ್ನು ಕೊರೆದದ್ದು ಬೇರೆ. ಆ ಸೀರೆಯನ್ನು ನನ್ನ ಕೈ ಮೈಲಿಗೆ ಮಾಡಿತು ಎಂದು ಆಯಮ್ಮ ತಿಳಿದುಕೊಂಡಳೇನೋ ಎಂದು ಅವರು ಗಂಡನನ್ನು ಎಷ್ಟೋ ಸಲ ಕೇಳಿದ್ದಾರೆ. ಆಯಮ್ಮ ಎಂದರೆ ಮಾತೆ.

ಇನ್ನೊಂದು ಕಡೆ ಊರಿನ ಹೆಂಗಸರು ಬೇರೆಯೇ ಕಥೆ ಕಟ್ಟಿದರು. ಕ್ರೈಸ್ತರ ತಾಯಿಯ ಸೀರೆ ಸುತ್ತಿದ್ದಕ್ಕೇ ಕೆಂಪಲಕ್ಷ್ಮಮ್ಮನ ಕೂಸು ಉಳಿಯಿತು ಎಂದು. ಬಸುರಿಯರ ತಾಯಂದಿರು ಗುಡಿಯ ಬಾಗಿಲಿಗೆ ಬಂದು, ಸ್ವಾಮಿ, ಆ ಸೀರೆ ಒಂದು ದಿನಕ್ಕೆ ಕೊಡಿ ಎಂದು ಕೇಳತೊಡಗಿದರು. ಚಿನ್ನಪ್ಪನವರಿಗೆ ತಲೆ ಚಿಟ್ಟು ಹಿಡಿಯಿತು. ಅಂಕಮ್ಮನನ್ನು ಕೇಳಿದರೆ ಅವರೂ ಆ ಕಥೆಯನ್ನು ಒಪ್ಪುವುದಿಲ್ಲ. "ಬಟ್ಟೆ ಏನು ಮಾಡ್ತದೆ? ಬಸಮ್ಮನ ಕೈ ಚೆನ್ನಾಗಿತ್ತು. ಆದ್ರೆ ಹಾಸಾಕೆ ಒಂದು ಮಡಿ ಬಟ್ಟೆ ಇದ್ರೆ ಹೆರೋಳಿಗೆ ಧೈರ್ಯ ಇರ್ತದೆ" ಎನ್ನುತ್ತಾರೆ.

ಎಂಟೂವರೆಗೆ ಅಂಕಮ್ಮ ಗುಡಿಯ ಜಗಲಿಯ ಕಂಬಕ್ಕೊರಗಿ ನಿಂತಿದ್ದಾರೆ. ಒಳಗೆ ಹೋಗಬೇಡ ಎಂದವರಿಲ್ಲ, ಬಾ ಎಂದವರೂ ಇಲ್ಲ. ಒಳಗೆ ಎಲ್ಲರ ಕೈಯಲ್ಲಿ ಹಚ್ಚಿದ ಬತ್ತಿ. ಪಾದ್ರಿ ಎಮಿಲ್ ಸ್ವಾಮಿಗಳು ಫ್ರಾನ್ಸ್ ದೇಶದವರು, ಎಪ್ಪತ್ತರ ಹತ್ತಿರದ ಬಿಳಿಗಡ್ಡದವರು. ಮೂವತ್ತು ವರ್ಷ ಈ ಸೀಮೆಯಲ್ಲಿದ್ದರೂ ಪುಸ್ತಕದ ಕನ್ನಡವನ್ನೇ ಆಡುತ್ತಾರೆ, ಕೂಸಿಗೂ 'ನೀವು' ಎನ್ನುತ್ತಾರೆ. ಅವರು ಈ ಹಬ್ಬದ ಅರ್ಥ ಹೇಳುತ್ತಿದ್ದಾರೆ. ಕ್ರಿಸ್ಮಸ್ ಕಳೆದು ಇವತ್ತಿಗೆ ನಲವತ್ತು ದಿನ. ಹೆತ್ತ ಹೆಂಗಸು ನಲವತ್ತು ದಿನ ಮನೆಯಲ್ಲಿದ್ದು ಆಮೇಲೆ ಶುದ್ಧಿಗಾಗಿ ದೇವಾಲಯಕ್ಕೆ ಬರಬೇಕೆಂದು ಆ ಕಾಲದ ಕಟ್ಟಳೆ. ಮಾತೆಗೆ ಅದರ ಅಗತ್ಯವಿರಲಿಲ್ಲ, ಆದರೂ ಎಲ್ಲ ಬಾಣಂತಿಯರಂತೆ ಅವಳೂ ಮಗುವನ್ನೆತ್ತಿಕೊಂಡು ಬಂದಳು, ಬಡವಳಾದ್ದರಿಂದ ಎರಡು ಪಾರಿವಾಳದ ಮರಿಗಳನ್ನು ಮಾತ್ರ ಕಾಣಿಕೆ ಕೊಟ್ಟಳು. ಜಗಲಿಯಲ್ಲಿ ನಿಂತ ಅಂಕಮ್ಮನ ತಲೆ ನಿಧಾನವಾಗಿ ಕಂಬದಿಂದ ಏಳುತ್ತದೆ.

ಪೂಜೆ ಮುಗಿದು ಜನ ಚದುರಿದ ಮೇಲೆ ಜಗಲಿಯ ಬೆಂಚಿನ ಮೇಲೆ ಪಂಚಾಯಿತಿ ಕೂರುತ್ತದೆ. ಪಂಚಾಯಿತಿ ಎಂದರೆ ಪಾದ್ರಿಗಳು, ಚಿನ್ನಪ್ಪನವರು, ಕೆಳಗೆ ಅಂಕಮ್ಮ. ಹನುಮಯ್ಯ ದೂರದಲ್ಲಿ ಹೊಂಗೆಮರದ ಕೆಳಗೆ. ಚಿನ್ನಪ್ಪನವರು ನಡೆದದ್ದನ್ನು ಒಂದಿಷ್ಟೂ ಕೂಡಿಸದೆ, ಕಳೆಯದೆ ಒಪ್ಪಿಸುತ್ತಾರೆ; ಆ ಮಟ್ಟಿಗೆ ಅವರು ನ್ಯಾಯವಂತರು. ಪೆಟ್ಟಿಗೆ ತರಿಸಿ ಕಲೆಯನ್ನೂ ತೋರಿಸುತ್ತಾರೆ. ಹೆರಿಗೆಯ ರಕ್ತ ಬಿದ್ದ ಬಟ್ಟೆಯನ್ನು ಮಾತೆಗೆ ಉಡಿಸುವುದು ಹೇಗೆ, ಆ ಗಂಟಿಗೇ ಗುಡಿಯ ಬಟ್ಟೆಯನ್ನು ಮತ್ತೆ ಹಾಕುವುದು ಹೇಗೆ ಎಂಬುದು ಅವರ ಪ್ರಶ್ನೆ. ಮಾತೆ ನಮ್ಮ ನಿಮ್ಮ ಹಾಗಲ್ಲ, ಅವಳಿಗೆ ಸೂತಕವಿಲ್ಲ ಎನ್ನುತ್ತಾರೆ.

ಪಾದ್ರಿಗಳು ಕಲೆಯನ್ನು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಅಂಕಮ್ಮನಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತಾರೆ.

ಅಂಕಮ್ಮ ಸೆರಗು ಬಿಗಿಮಾಡಿಕೊಂಡು, "ನಂದೊಂದು ಕೇಳೋದು ಐತೆ ಸ್ವಾಮಿ" ಎನ್ನುತ್ತಾರೆ. "ನಲ್ವತ್ತು ದಿನ ಆಯಮ್ಮ ಬಾಣಂತಿಯಾಗಿದ್ಲು ಅಂತ ನೀವೇ ಅಂದ್ರಿ. ಆ ನಲ್ವತ್ತು ದಿನ ಆಯಮ್ಮನ ಬಟ್ಟೆ ಒಗ್ದೋರು ಯಾರು?"

ಮೂವತ್ತು ವರ್ಷ ಉಪದೇಶ ಹೇಳಿದ ಚಿನ್ನಪ್ಪನವರನ್ನು ಈ ಪ್ರಶ್ನೆ ಯಾರೂ ಕೇಳಿಲ್ಲ. ಪಾದ್ರಿಗಳನ್ನೂ ಯಾರೂ ಕೇಳಿಲ್ಲವೆಂದು ಅವರ ಮುಖವೇ ಹೇಳುತ್ತದೆ. ಶಾಸ್ತ್ರದಲ್ಲಿ ಅದನ್ನು ಬರೆದಿಲ್ಲ ಎನ್ನುತ್ತಾರೆ ಅವರು. ಎದ್ದು ಒಳಗೆ ಹೋಗಿ, ತಮ್ಮ ಚೀಲದಿಂದ ಒಂದು ಹಳೆಯ ಚಿತ್ರದ ಪುಸ್ತಕ ತರುತ್ತಾರೆ.

ಪುಸ್ತಕವನ್ನು ಮೆಟ್ಟಿಲ ಮೇಲೆ ತೆರೆದಿಟ್ಟು ತೋರಿಸುತ್ತಾರೆ. ಒಂದು ಚಿತ್ರದಲ್ಲಿ ಮಾತೆ ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಹಿಂದಿನ ಚಿತ್ರಕಾರರು ಇದನ್ನು ಎಗ್ಗಿಲ್ಲದೆ ಬರೆಯುತ್ತಿದ್ದರು, ಆಮೇಲಿನವರಿಗೆ ನಾಚಿಕೆ ಬಂತು ಎನ್ನುತ್ತಾರೆ. ಇನ್ನೊಂದು ಬಹಳ ಹಳೆಯದು. ಗವಿಯೊಳಗೆ ಮಾತೆ ಹೆತ್ತು ದಣಿದು ಒರಗಿದ್ದಾಳೆ. ಚಿತ್ರದ ಕೆಳಗಿನ ಮೂಲೆಯಲ್ಲಿ ಇಬ್ಬರು ಹೆಂಗಸರು, ಒಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ, ಇನ್ನೊಬ್ಬಳು ತೊಟ್ಟಿಗೆ ನೀರು ಹುಯ್ಯುತ್ತಿದ್ದಾಳೆ. ಅವರು ಸೂಲಗಿತ್ತಿಯರು. ನೂರಾರು ವರ್ಷ ಚಿತ್ರಕಾರರು ಅವರನ್ನು ಬಿಡದೆ ಬರೆದರು. ಬರುಬರುತ್ತ ಮಾತೆಯ ಬಟ್ಟೆ ಶುಭ್ರವಾಗುತ್ತ ಹೋಯಿತು, ಸೂಲಗಿತ್ತಿಯರು ಚಿತ್ರದಿಂದ ಮಾಯವಾದರು. ಪಾದ್ರಿಗಳ ಊರಿನ ಕಡೆ ನೋವು ತಿನ್ನುವ ಹೆಂಗಸಿಗೆ ಮಾತೆಯ ಗುಡಿಯಿಂದ ನೀಲಿ ಪಟ್ಟಿಯೊಂದನ್ನು ತಂದು ಸೊಂಟಕ್ಕೆ ಕಟ್ಟುತ್ತಿದ್ದರಂತೆ. ತಾವು ಹುಟ್ಟುವಾಗ ತಮ್ಮ ತಾಯಿಗೂ ಕಟ್ಟಿದ್ದರು ಎನ್ನುತ್ತಾರೆ.

ಅಂಕಮ್ಮ ಅದನ್ನೆಲ್ಲ ಕೇಳಿಸಿಕೊಂಡರೋ ಇಲ್ಲವೋ. ಅವರ ಕಣ್ಣು ಚಿತ್ರದ ಮೂಲೆ ಮೂಲೆಯನ್ನೂ ಹುಡುಕುತ್ತಿದೆ. ಕುರಿ ಇದೆ, ಕತ್ತೆ ಇದೆ. ಕತ್ತೆಯನ್ನು ಕಂಡು ಒಂದು ಕ್ಷಣ ಮುಖ ಅರಳುತ್ತದೆ.

"ಸೂಲಗಿತ್ತಿ ಅವ್ಳೆ, ನೀರು ಹುಯ್ಯೋಳು ಅವ್ಳೆ" ಎನ್ನುತ್ತಾರೆ ಕೊನೆಗೆ. "ಒಗೆಯೋಳು ಇಲ್ಲ."

ಪಾದ್ರಿಗಳು ಪುಸ್ತಕ ಮುಚ್ಚದೆ ಕೇಳುತ್ತಾರೆ. "ಅಂಕಮ್ಮನವರೇ, ನಿಮಗೆ ಮಕ್ಕಳೆಷ್ಟು?"

ಐದು ಹೆತ್ತಿದ್ದೆ, ಮೂರು ಉಳಿದವು ಎನ್ನುತ್ತಾರೆ.

"ನಿಮ್ಮ ಬಾಣಂತನದಲ್ಲಿ ನಿಮ್ಮ ಬಟ್ಟೆಯನ್ನು ಯಾರು ಒಗೆದರು?"

ಅಂಕಮ್ಮ ನಕ್ಕುಬಿಡುತ್ತಾರೆ. ಐದು ತಿಂಗಳಲ್ಲಿ ಹೆಂಡತಿ ನಕ್ಕದ್ದನ್ನು ಇವತ್ತೇ ಕಂಡೆ ಎಂದು ಹನುಮಯ್ಯ ಆಮೇಲೆ ಹೇಳಿದರು. "ಮಡಿವಾಳಗಿತ್ತಿ ಬಟ್ಟೆ ಇನ್ಯಾರು ಒಗೀತಾರೆ ಸ್ವಾಮಿ? ನಾನೇ. ಮೂರ್ನೇ ದಿನಕ್ಕೇ ಕೂಸ್ನ ದಡದ ಮೇಲೆ ಮಲಗ್ಸಿ ನೀರಿಗಿಳ್ದೆ. ಐದು ಸಲಾನೂ ಅಂಗೇಯ." ಹಾಗೆಂದವರು ಚಿತ್ರದಲ್ಲಿ ಒರಗಿದ ಆ ದಣಿದ ಹೆಂಗಸನ್ನು ನೋಡುತ್ತಾರೆ. "ಪರ ಊರು, ಬಡವಿ. ಆಯಮ್ಮನೂ ತಾನೇ ಒಗ್ಕೊಂಡಿರ್ಬೇಕು" ಎನ್ನುತ್ತಾರೆ, ತಮಗೆ ತಾವೇ.

ತೀರ್ಪು ದೊಡ್ಡದಾಗಿ ಏನೂ ಇರಲಿಲ್ಲ. ಪಾದ್ರಿಗಳು ನೀಲಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ತಾವೇ ಮಡಿಸಿ ಅಂಕಮ್ಮನ ಕೈಗಿಡುತ್ತಾರೆ. ಐದು ತಿಂಗಳು ಬೀಗದಲ್ಲಿದ್ದು ಮುಗ್ಗಲು ವಾಸನೆ ಬಂದಿದೆ, ಒಗೆದು ತನ್ನಿ, ಮಾತೆಗೆ ಇದನ್ನೇ ಉಡಿಸುವುದು ಎನ್ನುತ್ತಾರೆ. ಹೆರಿಗೆಗೆ ಬೇಕೆಂದು ಯಾವ ಜಾತಿಯವರು ಕೇಳಿದರೂ ಕೊಡಿ, ಆದರೆ ಇದರಲ್ಲಿ ಮಂತ್ರವಿದೆ ಎಂದು ಯಾರಿಗೂ ಹೇಳಬೇಡಿ. ಹಬ್ಬದ ದಿನವೇ ಯಾರಿಗಾದರೂ ನೋವು ಬಂದರೆ ಏನು ಮಾಡುವುದು, ಹೆರಿಗೆ ಹಬ್ಬ ನೋಡಿಕೊಂಡು ಬರುವುದಿಲ್ಲವಲ್ಲ ಎಂದು ಅಂಕಮ್ಮ ತಮ್ಮ ಕಸುಬಿನ ಕಷ್ಟ ಮುಂದಿಡುತ್ತಾರೆ. ಮೊದಲು ಹೆರಿಗೆ, ಮಾತೆ ಕಾಯುತ್ತಾಳೆ ಎನ್ನುತ್ತಾರೆ ಪಾದ್ರಿಗಳು.

ಈಗ ಚಿನ್ನಪ್ಪನವರು, ಹಾಗಾದರೆ ಮೂಲೆಯಲ್ಲಿ ಒಂದು ಗುರುತು ಹಾಕಿಕೊಳ್ಳಲಿ, ಅಂದೇ ಹಾಕಿಸಬೇಕಿತ್ತು ಎನ್ನುತ್ತಾರೆ. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಅಂಕಮ್ಮನಿಗೂ ಅದು ಅರ್ಥವಾಗುತ್ತದೆ. ಮಾತೆಗೆ ಯಾವ ಗುರುತು ಎಂದು ಕೇಳಿದರೆ ಅವರು ಹೆಚ್ಚು ಯೋಚಿಸುವುದಿಲ್ಲ. ಒಂದು ದೊಡ್ಡ ಬೊಟ್ಟು, ಅದರ ಎಡಮಗ್ಗುಲಿಗೆ ಒಂದು ಚಿಕ್ಕ ಬೊಟ್ಟು. ಬೇರೆ ಯಾವ ಮನೆಗೂ ಆ ಗುರುತಿಲ್ಲವಂತೆ.

ಬಿಸಿಲೇರಿದೆ. ಹನುಮಯ್ಯ ಮರದ ಕೆಳಗಿನಿಂದ ಎದ್ದು ಬಂದಿದ್ದಾರೆ, ಆದರೆ ತಪ್ಪು ನನ್ನದೆಂದು ಹೇಳಲು ಬಂದವರಿಗೆ ಹೆಂಡತಿ ಕಣ್ಣಲ್ಲೇ ಸುಮ್ಮನಿರಿ ಎನ್ನುತ್ತಾರೆ. ಇಷ್ಟು ವರ್ಷ ಈ ಕೆಲಸಕ್ಕೆ ಗುಡಿಯಿಂದ ಏನೂ ಕೊಟ್ಟಿಲ್ಲವೆಂಬುದು ಪಾದ್ರಿಗಳಿಗೆ ಈಗ ಹೊಳೆದಿದೆ. ಎಲ್ಲ ಮನೆಯವರೂ ಕೊಡುವ ಹಾಗೆ ಗುಡಿಯೂ ಕೊಡಬೇಕು, ನೀವು ಏನು ಕೇಳಿದರೂ ಸರಿ ಎನ್ನುತ್ತಾರೆ. ಸೀರೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿಯುತ್ತಿದ್ದ ಅಂಕಮ್ಮ ತಿರುಗಿ ನಿಲ್ಲುತ್ತಾರೆ.

"ಕೂಲಿ ಬ್ಯಾಡ ಸ್ವಾಮಿ. ಹಸಿ ಬಾಣಂತಿ ತನ್ನ ಬಟ್ಟೆ ತಾನೇ ಒಗ್ಕೋಬಾರ್ದು, ಸೊಂಟ ಬಿದ್ದೋಯ್ತದೆ. ಆವತ್ತು ಆಯಮ್ಮಂಗೆ ಯಾರೂ ಇರ್ಲಿಲ್ಲ. ಈಗ ನಾನಿದೀನಿ."